ಹದಿನೆಂಟರ ಕಣ್ಣು, ಅರವತ್ತರ ಕೈ

ಪ್ಯಾಟ್ರಿಕ್ ಲೀ ಫರ್ಮರ್ 1933ರ ಡಿಸೆಂಬರಿನಲ್ಲಿ ಲಂಡನ್ನಿನಿಂದ ಹಡಗು ಹತ್ತಿದಾಗ ಹದಿನೆಂಟು ವರ್ಷದ, ಶಾಲೆಯಿಂದ ಹೊರಹಾಕಿಸಿಕೊಂಡ ಹುಡುಗ. ಬೆನ್ನಿಗೊಂದು ಚೀಲ, ವಾರಕ್ಕೆ ಒಂದು ಪೌಂಡಿನ ಖರ್ಚು. ಹಾಲೆಂಡಿನ ಕರಾವಳಿಯಿಂದ ಕಾನ್‌ಸ್ಟಾಂಟಿನೋಪಲ್‌ವರೆಗೆ ನಡೆದೇ ಹೋಗುತ್ತೇನೆಂಬ ಹಟ. ಆ ನಡಿಗೆಯ ಮೊದಲ ಭಾಗ ‘ಎ ಟೈಮ್ ಆಫ್ ಗಿಫ್ಟ್ಸ್’ ಎಂಬ ಹೆಸರಿನಲ್ಲಿ ಅಚ್ಚಾದದ್ದು 1977ರಲ್ಲಿ. ಅಷ್ಟರಲ್ಲಿ ಲೇಖಕರಿಗೆ ಅರವತ್ತೆರಡು. ಹಾಗಾದರೆ ಪುಸ್ತಕದ ಊರುಗಳನ್ನು ನೋಡುತ್ತಿರುವವರು ಯಾರು? ಕನ್ನಡದಲ್ಲಿ ಒಂದು ಅನುಕೂಲವಿದೆ: ಹುಡುಗನನ್ನು ‘ಅವನು’ ಎಂದೂ ಲೇಖಕರನ್ನು ‘ಅವರು’ ಎಂದೂ ಬೇರೆ ಮಾಡಿ ಕರೆಯಬಹುದು. ಪುಸ್ತಕದ ಸೊಗಸೂ ತೊಡಕೂ ಇರುವುದು ಇವರಿಬ್ಬರ ನಡುವೆಯೇ.

ಮ್ಯೂನಿಕ್‌ನಲ್ಲಿ ಅವನ ಚೀಲ ಕಳುವಾಯಿತು. ಅದರೊಳಗಿದ್ದ ದಿನಚರಿಯೂ ಹೋಯಿತು. ಆದರೂ ರಾಟರ್‌ಡ್ಯಾಮ್, ಕಲೋನ್‌ಗಳ ವರ್ಣನೆ ನಿನ್ನೆ ಕಂಡಷ್ಟು ದಟ್ಟವಾಗಿದೆ. ಹಾಲೆಂಡಿನ ಹಿಮದ ಬಯಲು ಡಚ್ ಚಿತ್ರಕಾರರ ಕ್ಯಾನ್ವಾಸಿನಂತೆ ತೆರೆದುಕೊಳ್ಳುತ್ತದೆ, ಡ್ಯಾನ್ಯೂಬ್ ದಂಡೆಯ ಮೆಲ್ಕ್ ಮಠ ಬರೋಕ್ ಶೈಲಿಯ ಪಾಠವೇ ಆಗುತ್ತದೆ. ಇದೆಲ್ಲ ನೆನಪಿನ ಶಕ್ತಿ ಎಂದು ಹೊಗಳುವವರಿದ್ದಾರೆ. ನನಗೆ ಕಾಣುವುದು ನಲವತ್ತು ವರ್ಷಗಳ ಓದು. ಅದು ಸುಳ್ಳಲ್ಲ, ಆದರೆ ಕೆಲವೆಡೆ ಮಾತು ನಿಲ್ಲಿಸದ ಗೈಡಿನಂತೆ ಊರಿಗೂ ಓದುಗರಿಗೂ ಅಡ್ಡ ನಿಲ್ಲುತ್ತದೆ.

ವಿಯೆನ್ನಾದ ಪುಟಗಳಲ್ಲಿ ಹಾಗಾಗುವುದಿಲ್ಲ. 1934ರ ಫೆಬ್ರವರಿ, ಜೇಬು ಖಾಲಿ, ಮನೆಯಿಂದ ಹಣ ಬಂದಿಲ್ಲ. ಸಾಲ್ವೇಶನ್ ಆರ್ಮಿಯ ವಸತಿಯಲ್ಲಿ ಕೊನ್ರಾಡ್ ಎಂಬವನ ಪರಿಚಯವಾಗುತ್ತದೆ. ಫ್ರೀಸಿಯನ್ ದ್ವೀಪಗಳಿಂದ ಬಂದ ಈ ಬಡವ ಷೇಕ್ಸ್‌ಪಿಯರನನ್ನು ಓದಿ ಇಂಗ್ಲಿಷ್ ಕಲಿತವನು. ಮಾತಿನ ವರಸೆಯೂ ಆ ಕಾಲದ್ದೇ. ಅವನ ಒತ್ತಾಯಕ್ಕೆ ಹುಡುಗ ಮನೆಮನೆಯ ಬಾಗಿಲು ತಟ್ಟಿ, ಒಂದೆರಡು ಶಿಲ್ಲಿಂಗಿಗೆ ಜನರ ಮುಖ ಬರೆದುಕೊಡುತ್ತಾನೆ. ಅರಮನೆ, ಸಂಗೀತದ ವಿಯೆನ್ನಾ ಇಲ್ಲಿ ಮೆಟ್ಟಿಲು, ಅಂಜಿಕೆ, ತೆರೆದ ಬಾಗಿಲಿನ ಹಿಂದಿನ ಅಪರಿಚಿತ ಮುಖವಾಗುತ್ತದೆ. ಸೇಲ್ಸ್ ಕೆಲಸಕ್ಕೆಂದು ಮುಂಬಯಿಯ ಬಿಲ್ಡಿಂಗುಗಳ ಮೆಟ್ಟಿಲು ಹತ್ತಿದವರಿಗೆ ಈ ವಿಯೆನ್ನಾವನ್ನು ವಿವರಿಸಬೇಕಾಗಿಲ್ಲ. ಊರು ನೋಡಲಿಕ್ಕೆ ಬಂದವನು ಊರಿನಲ್ಲಿ ದುಡಿಯಬೇಕಾಗಿ ಬಂದ ಕೂಡಲೇ ಬರವಣಿಗೆಗೆ ಜೀವ ಬರುತ್ತದೆ.

ಇನ್ನೊಂದು ಸಂಗತಿ ಗಮನಿಸಬೇಕು. ಅವನು ಜರ್ಮನಿ ಹೊಕ್ಕಾಗ ಹಿಟ್ಲರ್ ಅಧಿಕಾರಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಗಡಿ ದಾಟಿ ಸಿಕ್ಕ ಗೋಖ್ ಎಂಬ ಊರಿನಲ್ಲಿ ಸ್ವಸ್ತಿಕದ ತೋಳುಪಟ್ಟಿ ಮಾರುವ ಅಂಗಡಿಯನ್ನೂ ಪಥಸಂಚಲನವನ್ನೂ ನೋಡುತ್ತಾನೆ. ವಿಯೆನ್ನಾ ತಲುಪಿದಾಗ ಅಲ್ಲಿ ಸರ್ಕಾರಕ್ಕೂ ಸಮಾಜವಾದಿಗಳಿಗೂ ಗುಂಡಿನ ಕಾಳಗ ನಡೆದಿತ್ತು. ಎರಡರ ತೂಕವೂ ಅವನಿಗೆ ಅಷ್ಟಾಗಿ ತಿಳಿಯಲಿಲ್ಲ, ಅದನ್ನು ಅವರು ಮುಚ್ಚಿಡುವುದೂ ಇಲ್ಲ. ಮಠದ ಗೋಪುರವನ್ನು ಓದಬಲ್ಲ ಕಣ್ಣನ್ನು ಹುಡುಗನಿಗೆ ಧಾರಾಳವಾಗಿ ಕೊಟ್ಟವರು, ಮುಂದಾಗುವುದನ್ನು ಆಗಲೇ ಕಂಡ ಜಾಣತನವನ್ನು ಕೊಡಲಿಲ್ಲ. ಕೊಟ್ಟಿದ್ದರೆ ಅವನು ಸುಲಭವಾಗಿ ನಾಯಕನಾಗುತ್ತಿದ್ದ. ಪುಸ್ತಕವನ್ನು ನಾನು ನಂಬುವುದು ಈ ಕಾರಣಕ್ಕೆ.

ಹೊರಟದ್ದೇ ಕಾನ್‌ಸ್ಟಾಂಟಿನೋಪಲ್‌ಗೆ, ಅದರ ಬಗ್ಗೆಯೇ ಬರವಣಿಗೆ ಅತಿ ಕಡಿಮೆ. ಎರಡನೆಯ ಭಾಗ 1986ರಲ್ಲಿ ಬಂತು. ಅವರು 2011ರಲ್ಲಿ ತೀರಿಕೊಂಡರು. 2013ರಲ್ಲಿ ಹೊರಬಂದ ‘ದ ಬ್ರೋಕನ್ ರೋಡ್’ನಲ್ಲಿ ಕಥನ ಬಲ್ಗೇರಿಯಾದಲ್ಲೇ, ವಾಕ್ಯದ ನಡುವೆಯೇ ನಿಂತುಬಿಡುತ್ತದೆ. ಗುರಿಯ ಊರಿಗೆ ಉಳಿದದ್ದು ದಿನಚರಿಯ ನಾಲ್ಕಾರು ಚುಟುಕು ಟಿಪ್ಪಣಿ. ಅದರ ಬೆನ್ನಿಗೇ ಗ್ರೀಸಿನ ಅಥೋಸ್ ಬೆಟ್ಟದ ದಿನಚರಿ ಇದೆ. ಇಪ್ಪತ್ತು ತುಂಬಿದ್ದು ಅಲ್ಲಿನ ಮಠದಲ್ಲಿ. ಅಲ್ಲಿ ಮಾತಾಡುವವನು ಬಹುಮಟ್ಟಿಗೆ ಹುಡುಗನೇ. ಅವನ ಮಾತಿಗೆ ಆ ನಯವಿಲ್ಲ. ಆದರೆ ಆ ಪುಟಗಳನ್ನು ಪಕ್ಕದಲ್ಲಿಟ್ಟುಕೊಂಡರೆ ಮೊದಲ ಪುಸ್ತಕದಲ್ಲಿ ಅವರು ಎಷ್ಟು ಕಟ್ಟಿದ್ದಾರೆ ಎಂಬ ಅಂದಾಜು ಸಿಗುತ್ತದೆ.

ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಕೂತು ಹನೇಹಳ್ಳಿಯನ್ನು ಮತ್ತೆ ಮತ್ತೆ ಬರೆದರು. ಅದು ಕಥೆ, ಆದ್ದರಿಂದ ಯಾರೂ ಲೆಕ್ಕ ಕೇಳಲಿಲ್ಲ. ಪ್ರವಾಸಕಥನ ‘ನಾನು ಕಂಡೆ’ ಎಂದು ಮಾತು ಕೊಡುವ ಪ್ರಕಾರ, ಅಲ್ಲಿ ಲೆಕ್ಕ ಕೇಳುವುದು ಓದುಗರ ಹಕ್ಕು. ಷೆಂಗೆನ್ ವೀಸಾದ ಎಣಿಕೆಯ ದಿನಗಳಲ್ಲಿ ಐದಾರು ನಗರ ಸುತ್ತಿ ಅಂದಂದೇ ಬರೆದು ಮುಗಿಸುವ ನಮ್ಮ ತರುಣರಿಗೆ ಫರ್ಮರರ ಅನುಕೂಲಗಳಿಲ್ಲ: ಬ್ರಿಟಿಷ್ ಪಾಸ್‌ಪೋರ್ಟೂ ಇಲ್ಲ, ಜಮೀನ್ದಾರರ ಬಾಗಿಲು ತೆರೆಸುವ ಪರಿಚಯಪತ್ರಗಳೂ ಇಲ್ಲ. ಆದರೆ ಆ ಹುಡುಗ ಕಳೆದುಕೊಂಡ ದಿನಚರಿ ಇವರ ಕೈಯಲ್ಲಿದೆ. ಅದನ್ನು ತಿದ್ದದೆ ಇಟ್ಟುಕೊಳ್ಳಲಿ. ನಲವತ್ತು ವರ್ಷದ ಮೇಲೆ ಅದೇ ಊರನ್ನು ಇನ್ನೊಮ್ಮೆ ಬರೆದರೆ, ಎರಡನ್ನೂ ಒಟ್ಟಿಗೆ ಅಚ್ಚು ಹಾಕಲಿ.