ಕೀಚಕವಧಪ್ರಸಂಗದಲ್ಲಿ ದಂಡವಿಚಾರ

ಕುಂದಾಪುರ, ಬೈಂದೂರು, ಬ್ರಹ್ಮಾವರ ಪ್ರಾಂತಗಳ ಬಡಗುತಿಟ್ಟಿನ ಯಕ್ಷಗಾನದಲ್ಲಿ ಕೀಚಕವಧೆಯು ಜನಪ್ರಿಯವಾದ ಪ್ರಸಂಗವು. 2017ರಲ್ಲಿ ದಿವಂಗತರಾದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಕೀಚಕನ ಪಾತ್ರಕ್ಕೆ ತಂದ ಖ್ಯಾತಿಯು ಸರ್ವವಿದಿತವಾಗಿದೆ. ನಾಟ್ಯಶಾಲೆಯ ಕತ್ತಲೆಯಲ್ಲಿ ವಲಲನು ಕೀಚಕನನ್ನು ಕೊಂದೊಡನೆ ಮಂಗಳವನ್ನು ಹಾಡಿ ಆಟವನ್ನು ಮುಗಿಸಿದರೆ, ನ್ಯಾಯವು ದೊರೆಯಿತೆಂದು ಪ್ರೇಕ್ಷಕರು ತೃಪ್ತರಾಗುವರು. ಈ ತೃಪ್ತಿಗೆ ಮೂಲಕಥೆಯಲ್ಲಿ ಆಧಾರವುಂಟೆ ಎಂಬುದು ವಿಚಾರಣೀಯವು.

ವ್ಯಾಸಭಾರತದಲ್ಲಿ ಕೀಚಕನು ಸಭೆಗೆ ಓಡಿಬಂದ ಸೈರಂಧ್ರಿಯ ಮುಡಿಯನ್ನು ಹಿಡಿದು, ಅರಸನು ನೋಡುತ್ತಿರುವಂತೆಯೇ ಕೆಡಹಿ ಒದೆಯುತ್ತಾನೆ. ಅವಳು ಮೊರೆಯಿಟ್ಟಾಗ ವಿರಾಟನು, ಅವರೀರ್ವರ ಕಲಹವು ತನಗೆ ಪರೋಕ್ಷವಾದುದರಿಂದ ತತ್ತ್ವವನ್ನರಿಯದೆ ನಿರ್ಣಯಿಸಲಾರೆನೆನ್ನುತ್ತಾನೆ. ಮಾತು ವ್ಯವಹಾರಶಾಸ್ತ್ರದ್ದೇ, ಅದನ್ನು ಆಡಿಸಿದುದು ಸೇನಾಪತಿಯೂ ಮೈದುನನೂ ಆದವನ ಮೇಲಣ ಅಂಜಿಕೆ. ಕಲ್ಯಾಣದ ವಿಜ್ಞಾನೇಶ್ವರನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯಸ್ಮೃತಿಯ ಸ್ತ್ರೀಸಂಗ್ರಹಣಪ್ರಕರಣವು ಅಪರಾಧಿಯನ್ನು ಗುರುತಿಸುವ ಚಿಹ್ನೆಗಳಲ್ಲಿ ಪರಸ್ತ್ರೀಯ ಕೂದಲಿಗೆ ಕೈಹಾಕುವುದನ್ನೇ ಮೊದಲು ಹೇಳುತ್ತದೆ. (ಅಲ್ಲಿ ದಂಡವನ್ನು ವರ್ಣಾನುಸಾರ ಏರಿಳಿಸಿರುವುದು ಇಂದು ಅಗ್ರಾಹ್ಯ, ಚಿಹ್ನೆಗಳನ್ನು ಪರೀಕ್ಷಿಸಹೇಳಿರುವುದು ಗ್ರಾಹ್ಯವೇ.) ಆ ಚಿಹ್ನೆಯು ಅರಸನ ಕಣ್ಣೆದುರಿಗೇ ಇದ್ದಿತು.

ಮೊದಲು ಸಭೆಗೇ ಹೋದ ದ್ರೌಪದಿಯು ಬಳಿಕ ಭೀಮನನ್ನಾಶ್ರಯಿಸಿದುದನ್ನು ಆಕ್ಷೇಪಿಸಲಾಗದು. ಭೀಮನ ಕೃತ್ಯಕ್ಕೆ ಆತತಾಯಿವಧದ ನ್ಯಾಯವನ್ನು ಹೇಳುವುದು ಮಾತ್ರ ಸುಲಭವಲ್ಲ. ಮನುವು ಅನುಮತಿಸುವುದು ಮೇಲ್ವಾಯ್ದು ‘ಬರುತ್ತಿರುವ’ ಆತತಾಯಿಯ ವಧೆಯನ್ನು. ಆ ವರ್ತಮಾನಕೃದಂತವು ವ್ಯರ್ಥವಲ್ಲ. ಸಂಕೇತವನ್ನು ಕೊಟ್ಟು ಇರುಳಿನಲ್ಲಿ ಕರೆಯಿಸಿ ಕೊಂದುದಕ್ಕೆ ಅದು ಕಷ್ಟದಿಂದಲೇ ಒದಗೀತು.

ಆ ಕೊಲೆಯಿಂದ ಸೈರಂಧ್ರಿಗೆ ದೊರೆತುದೇನು? ಗಂಧರ್ವರು ಕೊಂದರೆಂದು ಹೇಳಿದುದರಿಂದ ಕೀಚಕನ ಅಪರಾಧವು ಯಾವ ಸಭೆಯಲ್ಲಿಯೂ ಸ್ಥಾಪಿತವಾಗಲಿಲ್ಲ. ಉಪಕೀಚಕರು ವಿರಾಟನ ಅನುಮತಿಯನ್ನೇ ಪಡೆದು ಅವಳನ್ನು ಶವದೊಡನೆ ಸುಡಲು ಹೊತ್ತೊಯ್ದರು. ಭೀಮನು 105 ಮಂದಿಯನ್ನು ಕೊಂದು ಬಿಡಿಸಿದ ಬಳಿಕ ಪುರಜನರು ಅವಳನ್ನು ಕಂಡು ಓಡಿದರು. ಅರಸನು ಸುದೇಷ್ಣೆಯ ಮೂಲಕ ಊರನ್ನು ಬಿಡೆಂದು ಹೇಳಿಸಿದನು. ಇನ್ನು 13 ದಿನಗಳ ಮಟ್ಟಿಗೆ ಸೈರಿಸಿರೆಂದು ಒದೆಸಿಕೊಂಡವಳೇ ಬೇಡಬೇಕಾಯಿತು!

2019ರ ಡಿಸೆಂಬರ್ 6ರಂದು ಹೈದರಾಬಾದಿನ ಬಳಿ ಅತ್ಯಾಚಾರ ಮತ್ತು ಕೊಲೆಯ ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಸತ್ತಾಗ ಜನರು ಹೂವೆರಚಿದರು. ಕೊಲ್ಲುವ ಉದ್ದೇಶದಿಂದಲೇ ಗುಂಡುಹಾರಿಸಲಾಯಿತೆಂದು ಸಿರ್ಪುರ್ಕರ್ ಆಯೋಗವು 2022ರಲ್ಲಿ ಬಹಿರಂಗಗೊಂಡ ವರದಿಯಲ್ಲಿ ಹೇಳಿತು. ಆರೋಪವು ನ್ಯಾಯಸ್ಥಾನದಲ್ಲಿ ವಿಚಾರಣೆಗೆ ಬರಲೇ ಇಲ್ಲ. ಮಣಿಪಾಲದ 2013ರ ಅತ್ಯಾಚಾರಪ್ರಕರಣದಲ್ಲಾದರೋ ಉಡುಪಿಯ ನ್ಯಾಯಾಲಯವು ಸಾಕ್ಷ್ಯಗಳನ್ನು ಪರಿಶೀಲಿಸಿ 2015ರಲ್ಲಿ ಮೂವರಿಗೆ ಜೀವಾವಧಿ ಶಿಕ್ಷೆಯನ್ನು ವಿಧಿಸಿತು.

ಕೀಚಕನ ಶೃಂಗಾರಕ್ಕೆ ಇರುಳಿನ ಬಹುಭಾಗವನ್ನು ಕೊಡುವ ಭಾಗವತರು ವಿರಾಟನ ಆ ಉತ್ತರಕ್ಕೂ, ಸುದೇಷ್ಣೆಯು ತಂದ ಆಜ್ಞೆಗೂ ಒಂದೆರಡು ಪದಗಳನ್ನು ಉಳಿಸಿಕೊಂಡರೆ ಅರ್ಥಧಾರಿಗಳಿಗೆ ಮಾತಿನ ಕೊರತೆಯಾಗದು.