ಧಾರಣೆ ಕೇಳಿದವರಿಗೆ ಜಾಲತಾಣ ಏನು ಹೇಳುತ್ತದೆ?

ಹಾವೇರಿ ಜಿಲ್ಲೆಯ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಪೇಟೆ ನಡೆಯುವುದು ಸೋಮವಾರ ಮತ್ತು ಗುರುವಾರ. ಹಂಗಾಮಿನಲ್ಲಿ ಗದಗ, ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯಿಂದ, ಆಂಧ್ರದ ಕರ್ನೂಲು ಭಾಗದಿಂದ ಚೀಲ ಹೇರಿಕೊಂಡ ಗಾಡಿಗಳು ಬಂದು ಸಾಲುಗಟ್ಟುತ್ತವೆ. ಅಷ್ಟು ದೂರದಿಂದ ಬಾಡಿಗೆ ಗಾಡಿ ಮಾಡಿಕೊಂಡು ಹೊರಡುವ ಮುಂಚೆ ರೈತ ತಿಳಿಯಬಯಸುವುದು ಇಷ್ಟೇ: ಹಿಂದಿನ ಪೇಟೆಯಲ್ಲಿ ಡಬ್ಬಿ ತಳಿಗೆ ಎಷ್ಟು ಬಿತ್ತು, ಕಡ್ಡಿಗೆ ಎಷ್ಟು, ಗುಂಟೂರಿಗೆ ಎಷ್ಟು, ಆವಕ ಎಷ್ಟಿತ್ತು. ಒಂದು ಜಾಲತಾಣ ಚೆನ್ನಾಗಿದೆಯೇ ಇಲ್ಲವೇ ಎಂದು ತೀರ್ಮಾನಿಸಲು ಇದಕ್ಕಿಂತ ಕಟ್ಟುನಿಟ್ಟಾದ ಪರೀಕ್ಷೆ ನನಗೆ ಗೊತ್ತಿಲ್ಲ. ಕೈಯಲ್ಲಿ ಸಾಧಾರಣ ಫೋನು, ಸಿಗ್ನಲ್ಲು ಬಂದು ಹೋಗುವ ಊರು, ಇಂಗ್ಲಿಷಿನ ಪರಿಚಯ ಅಷ್ಟಕ್ಕಷ್ಟೆ. ಈ ಮನುಷ್ಯನ ಪ್ರಶ್ನೆಗೆ ಪುಟ ತೆರೆದ ಕೂಡಲೇ ಉತ್ತರ ಸಿಗುತ್ತದೆಯೇ?

ಜಾಲತಾಣ ಮಾಡಲು ಕಲಿಯುವ ಹುಡುಗ ಹುಡುಗಿಯರಿಗೆ ಬಣ್ಣ, ಅಕ್ಷರಶೈಲಿ, ಓಡುವ ಚಿತ್ರಗಳಿಂದ ಪಾಠ ಶುರು ಮಾಡುವುದು ರೂಢಿಯಾಗಿದೆ. ಅದು ತಿರುಗುಮುರುಗಾದ ಕ್ರಮ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮೊದಲು ಯಾರು ಬರುತ್ತಾರೆ, ಏನು ಕೇಳುತ್ತಾರೆ ಎಂಬುದು ಇತ್ಯರ್ಥವಾಗಬೇಕು. ಉಳಿದದ್ದೆಲ್ಲ ಅದರ ಹಿಂದೆ ಬರಬೇಕು.

ಅಂತರ್ಜಾಲದ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ತಿಳಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಕಂಪ್ಯೂಟರುಗಳನ್ನು ಬೆಸೆಯುವ ಜಾಲ ಬೇರೆ, ಅದರ ಮೇಲೆ ನಡೆಯುವ ವೆಬ್ ಬೇರೆ. ಮೊದಲನೆಯದು 1969ರ ಅರ್ಪಾನೆಟ್‌ನಿಂದ ಬೆಳೆದು ಬಂತು. ಎರಡನೆಯದನ್ನು ಟಿಮ್ ಬರ್ನರ್ಸ್-ಲೀ 1989ರಲ್ಲಿ ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಪ್ರಸ್ತಾಪಿಸಿದರು. 1993ರ ಏಪ್ರಿಲ್ 30ರಂದು ಸರ್ನ್ ಅದನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದೆಂದು ಬಿಟ್ಟುಕೊಟ್ಟಿತು. ನಮ್ಮ ದೇಶದ ಜನಸಾಮಾನ್ಯರಿಗೆ ಅಂತರ್ಜಾಲ ಸಿಕ್ಕಿದ್ದು ವಿಎಸ್‌ಎನ್‌ಎಲ್ ಮೂಲಕ, 1995ರ ಆಗಸ್ಟ್ 15ರಂದು. ಫೋನಿನಲ್ಲಿ ವಿಳಾಸ ಒತ್ತಿದಾಗ ಆ ಹೆಸರಿಗೆ ಸೇರಿದ ಅಂಕಿಯ ವಿಳಾಸ ಯಾವುದೆಂದು ಡಿಎನ್‌ಎಸ್ ಎಂಬ ವ್ಯವಸ್ಥೆ ಹೇಳುತ್ತದೆ. ಆ ವಿಳಾಸದಲ್ಲಿರುವ ಸರ್ವರ್ ಪುಟವನ್ನು ಸಣ್ಣ ಸಣ್ಣ ತುಂಡು ಮಾಡಿ ಕಳಿಸುತ್ತದೆ, ಫೋನಿನ ಬ್ರೌಸರ್ ಅವನ್ನು ಜೋಡಿಸಿ ತೋರಿಸುತ್ತದೆ. ತುಂಡುಗಳು ಹೆಚ್ಚಾದಷ್ಟೂ ಕಾಯುವುದು ಹೆಚ್ಚು. ಕನ್ನಡದ ಒಂದೊಂದು ಸಂಕೇತ ಯುಟಿಎಫ್-8 ಪದ್ಧತಿಯಲ್ಲಿ 3 ಬೈಟ್ ಜಾಗ ಹಿಡಿಯುತ್ತದೆ. ಆ ಲೆಕ್ಕದಲ್ಲಿ ನೀವು ಈಗ ಓದುತ್ತಿರುವ ಲೇಖನದ ಅಕ್ಷರಗಳೆಲ್ಲ ಸೇರಿ 40 ಕೆಬಿಯೂ ಆಗುವುದಿಲ್ಲ. ಫೋನಿನಲ್ಲಿ ತೆಗೆದ ಒಂದು ಫೋಟೊವನ್ನು ಕುಗ್ಗಿಸದೆ ಹಾಗೇ ಹಾಕಿದರೆ 3 ಎಂಬಿ ಸುಲಭವಾಗಿ ದಾಟುತ್ತದೆ. ಮುಖಪುಟದಲ್ಲಿ ಅಂಥ ಐದಾರು ಫೋಟೊ ಒಂದಾದ ಮೇಲೊಂದು ಸರಿಯುವಂತೆ ಮಾಡುವವರು, ಹೊಲದ ಬದುವಿನಲ್ಲಿ ನಿಂತು ಧಾರಣೆ ನೋಡುವವನ ಡೇಟಾವನ್ನೂ ಸಮಯವನ್ನೂ ತಿನ್ನುತ್ತಿದ್ದಾರೆ.

ಈಗ ಪರೀಕ್ಷೆಗೆ ಬರೋಣ. ರಾಜ್ಯದ ಕೃಷಿ ಮಾರಾಟ ಇಲಾಖೆಯ 'ಕೃಷಿ ಮಾರಾಟ ವಾಹಿನಿ' ಜಾಲತಾಣಕ್ಕೆ ಸಲ್ಲಬೇಕಾದ ಗೌರವ ಮೊದಲು ಸಲ್ಲಲಿ. ಅದು ಕನ್ನಡದಲ್ಲಿದೆ, ಉಚಿತವಾಗಿದೆ, ಮಾರುಕಟ್ಟೆವಾರು ಆವಕ ಮತ್ತು ದರವನ್ನು ಪ್ರಕಟಿಸುತ್ತ ಬಂದಿದೆ. ದರ ಅಕ್ಷರ ರೂಪದಲ್ಲಿಯೇ ಇರುವುದರಿಂದ ಹುಡುಕಬಹುದು, ನಕಲು ಮಾಡಿಕೊಳ್ಳಬಹುದು, ಕುರುಡರ ಫೋನು ಅದನ್ನು ಓದಿ ಹೇಳಬಹುದು. ಇದು ಸಣ್ಣ ಸಾಧನೆಯಲ್ಲ. ಆದರೆ ವಿನ್ಯಾಸದ ಮಾತು ಬಂದಾಗ ಅದು ವರದಿಗಳ ಉಗ್ರಾಣದಂತಿದೆ. ದಿನವಾರು, ಸರಕುವಾರು, ಮಾರುಕಟ್ಟೆವಾರು ಎಂದು ಕಡತಗಳನ್ನು ಜೋಡಿಸಿಟ್ಟ ಕ್ರಮ ಅಧಿಕಾರಿಗೆ ಸಹಜ. ರೈತ ಬಂದದ್ದು ವರದಿಗಲ್ಲ, ಒಂದು ಅಂಕಿಗೆ. ಕೇಂದ್ರ ಸರ್ಕಾರದ ಅಗ್‌ಮಾರ್ಕ್‌ನೆಟ್ ಜಾಲತಾಣದಲ್ಲಿ ಬಹುಕಾಲ ಇದ್ದ ವಿನ್ಯಾಸ ಇದಕ್ಕಿಂತ ಕಷ್ಟದ್ದು: ದರವೋ ಆವಕವೋ, ಯಾವ ಸರಕು, ಯಾವ ರಾಜ್ಯ, ಯಾವ ಜಿಲ್ಲೆ, ಯಾವ ಮಾರುಕಟ್ಟೆ, ಎಂದಿನಿಂದ, ಎಂದಿನವರೆಗೆ ಎಂದು ಏಳು ಸಲ ಆಯ್ಕೆ ಮಾಡಿ ಮುಗಿಸಿದ ಮೇಲೆ ಉತ್ತರ ಬರುತ್ತಿತ್ತು. ಏಳರಲ್ಲಿ ಒಂದು ತಪ್ಪಿದರೂ ಖಾಲಿ ಪುಟ.

ಅಂಕಿ ಸಿಕ್ಕಿದ ಮೇಲೂ ತೊಡಕು ಮುಗಿಯುವುದಿಲ್ಲ. ಕೋಷ್ಟಕದಲ್ಲಿ ಕನಿಷ್ಠ, ಗರಿಷ್ಠ, ಮಾದರಿ ಎಂಬ ಮೂರು ದರಗಳಿರುತ್ತವೆ. ಮೆಣಸಿನಕಾಯಿಯಲ್ಲಿ ಕನಿಷ್ಠಕ್ಕೂ ಗರಿಷ್ಠಕ್ಕೂ ನಡುವಿನ ಅಂತರ ಬಹಳ ದೊಡ್ಡದು. ಬಣ್ಣ, ತೇವ, ತೊಟ್ಟು, ಬಿಳಿಗಾಯಿ ಎಷ್ಟಿದೆ ಎಂಬುದರ ಮೇಲೆ ಪಕ್ಕಪಕ್ಕದ ಎರಡು ಲಾಟುಗಳ ದರ ಅಜಗಜಾಂತರವಾಗಬಹುದು. ಗರಿಷ್ಠ ದರ ದೊರೆತದ್ದು ಎಲ್ಲೋ ಒಂದೆರಡು ಲಾಟಿಗೆ ಇರಬಹುದು, ಹೆಚ್ಚಿನ ಮಾಲು ಮಾರಿದ್ದು ಮಾದರಿ ದರದ ಸುತ್ತಮುತ್ತ. ಇದನ್ನು ಒಂದೇ ಒಂದು ಸಾಲಿನಲ್ಲಿ ಕೋಷ್ಟಕದ ಕೆಳಗೆ ಬರೆದಿದ್ದರೆ ಎಷ್ಟೋ ಜನ ಗರಿಷ್ಠದ ಅಂಕಿ ನೋಡಿ ಆಸೆ ಹೊತ್ತು ಬಂದು ನಿರಾಸೆಯಿಂದ ಮರಳುವುದು ತಪ್ಪುತ್ತಿತ್ತು. 2024ರ ಮಾರ್ಚ್ 11, ಸೋಮವಾರ, ದರ ಕುಸಿದದ್ದಕ್ಕೆ ಸಿಟ್ಟಿಗೆದ್ದ ಜನ ಬ್ಯಾಡಗಿ ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಅದಕ್ಕೆ ಜಾಲತಾಣ ಕಾರಣವೆಂದು ನಾನು ಹೇಳುತ್ತಿಲ್ಲ. ಬೆಲೆಯ ಏರಿಳಿತಕ್ಕೆ ಅದರದೇ ಕಾರಣಗಳಿರುತ್ತವೆ. ಆದರೆ ವರ್ಷದ ದುಡಿಮೆ ಒಂದು ಅಂಕಿಯ ಮೇಲೆ ನಿಂತಿರುವ ಕಡೆ, ಆ ಅಂಕಿಯನ್ನು ತಿಳಿಯಾಗಿ ಹೇಳುವುದು ಎಷ್ಟು ಗುರುತರವಾದ ಕೆಲಸ ಎಂಬುದನ್ನು ಆ ದಿನ ನೆನಪಿಸುತ್ತದೆ.

ವಿಚಿತ್ರವೆಂದರೆ ಇದೇ ಪೇಟೆಯ ವ್ಯಾಪಾರ ತಂತ್ರಜ್ಞಾನದಲ್ಲಿ ಹಿಂದೆ ಬಿದ್ದಿಲ್ಲ. ಕರ್ನಾಟಕದ ಏಕೀಕೃತ ಮಾರುಕಟ್ಟೆ ವೇದಿಕೆ 2014ರ ಫೆಬ್ರವರಿಯಲ್ಲಿಯೇ ಶುರುವಾಯಿತು. ಇಡೀ ದೇಶದ ಮಾರುಕಟ್ಟೆ ವೇದಿಕೆಯಾದ ಇ-ನಾಮ್ ಬಂದದ್ದು ಅದಾಗಿ ಎರಡು ವರ್ಷದ ಮೇಲೆ, 2016ರ ಏಪ್ರಿಲ್ 14ರಂದು. ಲಾಟಿಗೊಂದು ಸಂಖ್ಯೆ, ಖರೀದಿದಾರರು ಒಬ್ಬರ ದರ ಇನ್ನೊಬ್ಬರಿಗೆ ಕಾಣದಂತೆ ಹಾಕುವ ಇ-ಟೆಂಡರ್, ಒಪ್ಪಿಗೆಯಾಗದಿದ್ದರೆ ಬೇಡವೆನ್ನುವ ಹಕ್ಕು ರೈತನಿಗೆ. ಒಳಗಿನ ಯಂತ್ರ ಗಟ್ಟಿಯಾಗಿದೆ, ಜನರ ಕಡೆಗೆ ತೆರೆಯುವ ಬಾಗಿಲು ಮಾತ್ರ ಕಿರಿದು. ಆದ್ದರಿಂದಲೇ ದರಪಟ್ಟಿಯ ಫೋಟೊ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತದೆ. ಅದನ್ನು ಹಳಿಯುವುದು ಸುಲಭ, ಆದರೆ ಅದು ಯಾಕೆ ಗೆದ್ದಿತು ಎಂದು ಕೇಳುವುದರಲ್ಲಿ ಕಲಿಯುವುದಿದೆ. ಅಲ್ಲಿ ಮೆನು ಇಲ್ಲ, ಆಯ್ಕೆಗಳಿಲ್ಲ. ಬೆರಳು ತಾಗಿಸಿದರೆ ಉತ್ತರ. ಅದರ ದೋಷವೂ ಅಷ್ಟೇ ದೊಡ್ಡದು: ತಾರೀಖು ಕತ್ತರಿಸಿ ಹೋದ ಫೋಟೊ ಹೋದ ವಾರದ್ದೋ ಹೋದ ವರ್ಷದ್ದೋ ತಿಳಿಯುವುದಿಲ್ಲ. ಆ ಫೋಟೊದ ಸಲೀಸು, ಸರ್ಕಾರಿ ತಾಣದ ವಿಶ್ವಾಸಾರ್ಹತೆ ಎರಡೂ ಒಂದೇ ಪುಟದಲ್ಲಿ ಸೇರಬೇಕು. ಅದು ಆಗದ ಕೆಲಸವೇನಲ್ಲ.

ಹಾವೇರಿ ಜಿಲ್ಲಾಡಳಿತದ ಜಾಲತಾಣವನ್ನೂ ಇದೇ ಕಣ್ಣಿನಿಂದ ನೋಡಬಹುದು. ಅದು ಕೇಂದ್ರ ಸರ್ಕಾರದ ಎನ್‌ಐಸಿಯವರು ದೇಶದ ಜಿಲ್ಲೆಗಳಿಗೆಲ್ಲ ರೂಪಿಸಿದ ಒಂದೇ ಅಚ್ಚಿನಲ್ಲಿ ಬಂದಿದೆ. ಅಚ್ಚು ಒಳ್ಳೆಯದೇ. ಅಕ್ಷರ ದೊಡ್ಡದು ಮಾಡುವ ಗುಂಡಿಯಿದೆ, ಕನ್ನಡ–ಇಂಗ್ಲಿಷ್ ಬದಲಾಯಿಸಬಹುದು, ಫೋನಿನ ಪರದೆಗೆ ಪುಟ ಹೊಂದಿಕೊಳ್ಳುತ್ತದೆ. 2009ರಲ್ಲಿ ಬಂದ ಸರ್ಕಾರಿ ಜಾಲತಾಣಗಳ ಮಾರ್ಗಸೂಚಿಯ ಫಲ ಇದು. ಆದರೆ ಜಿಲ್ಲೆಯ ಬಗ್ಗೆ, ಇಲಾಖೆಗಳು, ದಾಖಲೆಗಳು, ಸೂಚನೆಗಳು ಎಂಬ ವಿಂಗಡಣೆ ಕಚೇರಿಯ ಕಪಾಟಿನದು. ಪಿಂಚಣಿ ನಿಂತುಹೋದ ಅಜ್ಜಿಯ ಮೊಮ್ಮಗನಿಗೆ ಅದು ಯಾವ ಇಲಾಖೆಗೆ ಸೇರಿದ್ದೆಂದು ಮೊದಲೇ ಗೊತ್ತಿರಬೇಕು. ಬ್ರಿಟನ್ ಸರ್ಕಾರ 2012ರಲ್ಲಿ ತನ್ನ ಜಾಲತಾಣವನ್ನು ಹೊಸದಾಗಿ ಕಟ್ಟಿದಾಗ ಈ ಕ್ರಮವನ್ನೇ ತಲೆಕೆಳಗು ಮಾಡಿತು. ಜನ ಏನು ಹುಡುಕಿಕೊಂಡು ಬರುತ್ತಾರೋ ಅದನ್ನು ಮುಂದಿಟ್ಟು ಇಲಾಖೆಗಳನ್ನು ಹಿಂದೆ ಸರಿಸಿತು. ಥಳುಕಿಲ್ಲದ, ಬಹುಪಾಲು ಬರೀ ಅಕ್ಷರಗಳಿರುವ ಆ ಜಾಲತಾಣಕ್ಕೆ 2013ರಲ್ಲಿ ಲಂಡನ್ನಿನ ಡಿಸೈನ್ ಮ್ಯೂಸಿಯಂ ವರ್ಷದ ಅತ್ಯುತ್ತಮ ವಿನ್ಯಾಸವೆಂದು ಪ್ರಶಸ್ತಿ ಕೊಟ್ಟಿತು.

ಕನ್ನಡದ ವಿಷಯದಲ್ಲಿ ಮಾತ್ರ ನಾವು ಹೊರಗಿನವರಿಂದ ಕಲಿಯುವಂಥದ್ದು ಕಡಿಮೆ, ನಾವೇ ಸರಿಪಡಿಸಿಕೊಳ್ಳಬೇಕಾದ್ದು ಹೆಚ್ಚು. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಕನ್ನಡವಿದೆ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ, ಬರಹ, ನುಡಿ ತಂತ್ರಾಂಶಗಳು ಇವೆಲ್ಲ ಕನ್ನಡವನ್ನು ಕಂಪ್ಯೂಟರಿಗೆ ತಂದವು, ಆ ಋಣ ದೊಡ್ಡದು. ಆದರೆ ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿ, ಮುದ್ರಿಸಿ, ಸಹಿ ಹಾಕಿ, ಸ್ಕ್ಯಾನ್ ಮಾಡಿ ಪಿಡಿಎಫ್ ಏರಿಸುವ ಪದ್ಧತಿ ಕಚೇರಿಗಳಲ್ಲಿ ಇನ್ನೂ ಹೋಗಿಲ್ಲ. ಅಂಥ ಕಾಗದ ಕಣ್ಣಿಗೆ ಕನ್ನಡ, ಯಂತ್ರಕ್ಕೆ ಬರೀ ಚಿತ್ರ. ಗೂಗಲ್‌ಗೆ ಸಿಗುವುದಿಲ್ಲ, ಫೋನು ಓದಿ ಹೇಳುವುದಿಲ್ಲ, ಚಿಕ್ಕ ಪರದೆಯಲ್ಲಿ ಎಳೆದೆಳೆದು ನೋಡಬೇಕು. ಸಹಿಯಾದ ಪ್ರತಿ ಇರಲಿ, ಅದರ ಪಕ್ಕದಲ್ಲಿ ಅದೇ ವಿಷಯ ಯೂನಿಕೋಡ್ ಅಕ್ಷರಗಳಲ್ಲಿಯೂ ಇರಲೇಬೇಕು.

ಊರ ಹೆಸರುಗಳನ್ನೇ ನೋಡಿ. ರಾಣೆಬೆನ್ನೂರು, ರಾಣೇಬೆನ್ನೂರು, ರಾಣಿಬೆನ್ನೂರು, ಬ್ಯಾಡಗಿ, ಬ್ಯಾಡ್ಗಿ. ಇಂಗ್ಲಿಷಿನಲ್ಲಂತೂ ಒಂದೊಂದು ಫಲಕದಲ್ಲಿ ಒಂದೊಂದು ಕಾಗುಣಿತ. ಹುಡುಕುವ ಚೌಕದಲ್ಲಿ ಒಂದು ರೂಪ ಹಾಕಿದರೆ ಸಿಕ್ಕು, ಇನ್ನೊಂದಕ್ಕೆ ಏನೂ ಇಲ್ಲವೆಂದರೆ ಅದು ಕೇಳಿದವನ ತಪ್ಪಲ್ಲ. ಎಲ್ಲ ರೂಪಗಳನ್ನೂ ಒಂದೇ ಊರೆಂದು ಗುರುತಿಸುವ ಪಟ್ಟಿಯನ್ನು ಮಾಡಿಡುವುದು ಒಂದು ಮಧ್ಯಾಹ್ನದ ಕೆಲಸ.

ಅಕ್ಷರಗಳ ಅಂದದ ಬಗ್ಗೆಯೂ ಹೇಳಲೇಬೇಕು, ಯಾಕೆಂದರೆ ಇಂಗ್ಲಿಷಿಗೆಂದು ಮಾಡಿದ ಸಿದ್ಧ ಮಾದರಿಗೆ ಕನ್ನಡ ಸುರಿದಾಗ ಮೊದಲು ಕೆಡುವುದು ಇದೇ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಸಾಲಿನ ಅಂತರ ಸಾಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ. ಅಕ್ಷರದ ಗಾತ್ರದ ಒಂದೂವರೆ ಪಟ್ಟಿಗಿಂತ ಹೆಚ್ಚು ಅಂತರ ಕೊಡಿ. ನಮ್ಮ ಪದಗಳು ಪ್ರತ್ಯಯ ಸೇರುತ್ತ ಉದ್ದವಾಗುತ್ತವೆ. ಫೋನಿನ ಪರದೆಯಲ್ಲಿ ಎರಡೂ ಅಂಚು ಸಮ ಮಾಡಲು ಹೋದರೆ ಪದಗಳ ನಡುವೆ ಕಂದಕ ಬೀಳುತ್ತದೆ, ಎಡಕ್ಕೆ ಮಾತ್ರ ಹೊಂದಿಸಿ. ಕೊಂಡಿಯ ಅಡಿಗೆರೆ ಒತ್ತಕ್ಷರವನ್ನು ಕತ್ತರಿಸದಷ್ಟು ಕೆಳಗಿರಲಿ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಬೆಳಕಿನ ವ್ಯತ್ಯಾಸವಿರಬೇಕೆಂಬುದು ಜಗತ್ತು ಒಪ್ಪಿದ ಅಳತೆ. ಬಿಸಿಲಿನಲ್ಲಿ ಫೋನು ಹಿಡಿದವರಿಗೆ ಇದರ ಬೆಲೆ ಗೊತ್ತು. ತಿಳಿಬೂದಿ ಬಣ್ಣದ ತೆಳುವಾದ ಅಕ್ಷರ ನಗರದ ಪರದೆಯಲ್ಲಿ ನಾಜೂಕಾಗಿ ಕಾಣಬಹುದು, ಬ್ಯಾಡಗಿಯ ಮಾರ್ಚ್ ಬಿಸಿಲಿನಲ್ಲಿ ಕಾಣುವುದೇ ಇಲ್ಲ.

ವ್ಯಾಪಾರಿಗಳು ಮಾಡಿಸುವ ತಾಣಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನಾನು ನೋಡಿದ ಬಹಳಷ್ಟರಲ್ಲಿ ಸ್ವಾಗತದ ಸಾಲು, ನಗುವ ಪರದೇಶದ ಮಂದಿಯ ಚಿತ್ರ, ಗುಣಮಟ್ಟವೇ ನಮ್ಮ ಧ್ಯೇಯವೆಂಬ ಘೋಷಣೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬ ಕಾರಣಕ್ಕೆ ಓಲಿಯೊರೆಸಿನ್ ಎಂಬ ಸಾರ ತೆಗೆಯುವ ಕಾರ್ಖಾನೆಗಳು ಅದನ್ನು ಹುಡುಕಿಕೊಂಡು ಬರುತ್ತವೆ. ಕೊಳ್ಳುವವನು ಕೇಳುವುದು ತಳಿ ಯಾವುದು, ಬಣ್ಣದ ಅಳತೆ ಎಷ್ಟು, ತೇವ ಎಷ್ಟು, ಕೋಲ್ಡ್ ಸ್ಟೋರೇಜಿನಲ್ಲಿಟ್ಟ ಮಾಲೋ ಹೊಸದೋ ಎಂದು. ರಾಣೆಬೆನ್ನೂರಿನ ಬೀಜದ ವ್ಯಾಪಾರಿಯ ಬಳಿ ಬರುವವನು ಕೇಳುವುದು ಯಾವ ಹಂಗಾಮಿಗೆ, ಎಷ್ಟು ದಿನದ ಬೆಳೆ, ಮೊಳಕೆ ಪ್ರಮಾಣ ಎಷ್ಟು ಎಂದು. ಇವಕ್ಕೆ ನೇರ ಉತ್ತರ, ತಮ್ಮದೇ ಮಾಲಿನ ಕುಗ್ಗಿಸಿದ ಎರಡು ಫೋಟೊ, ಒತ್ತಿದರೆ ಕರೆ ಹೋಗುವ ಫೋನ್ ಸಂಖ್ಯೆ ಇರುವ ಒಂದೇ ಪುಟ, ಹತ್ತು ಪುಟಗಳ ಅಲಂಕಾರಕ್ಕಿಂತ ಮೇಲು.

ಮೆಣಸಿನಕಾಯಿಯ ಹೊಸ ಮಾಲು ಡಿಸೆಂಬರ್ ಹೊತ್ತಿಗೆ ಬ್ಯಾಡಗಿಗೆ ಬರತೊಡಗುತ್ತದೆ. ಅಷ್ಟರೊಳಗೆ ಕೃಷಿ ಮಾರಾಟ ಇಲಾಖೆ ಈ ಪೇಟೆಗೆಂದು ಒಂದೇ ಒಂದು ಪುಟ ಮಾಡಲಿ: ಮೇಲೆ ಪೇಟೆಯ ತಾರೀಖು ದಪ್ಪಕ್ಷರದಲ್ಲಿ, ಕೆಳಗೆ ಡಬ್ಬಿ, ಕಡ್ಡಿ, ಗುಂಟೂರು, ಪ್ರತಿಯೊಂದಕ್ಕೂ ಹೆಚ್ಚಿನ ಮಾಲು ಮಾರಿದ ದರ ಮೊದಲು, ಕನಿಷ್ಠ ಗರಿಷ್ಠ ಆಮೇಲೆ, ಆವಕ ಕೊನೆಗೆ. 100 ಕೆಬಿ ಮೀರದಿರಲಿ, ವಾಟ್ಸ್‌ಆ್ಯಪ್‌ಗೆ ಕಳಿಸಿದರೂ ತಾರೀಖು ಜೊತೆಗೇ ಹೋಗಲಿ. ಹಾವೇರಿ ಬಳಿಯ ದೇವಗಿರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳಿಗೆ, ರಾಣೆಬೆನ್ನೂರಿನ ಕಂಪ್ಯೂಟರ್ ತರಗತಿಗಳಲ್ಲಿ ಮೊದಲ ಸಲ ಎಚ್‌ಟಿಎಂಎಲ್ ಬರೆಯುತ್ತಿರುವವರಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಸಿಗಲಾರದು. ಮೇಷ್ಟ್ರುಗಳು ಅವರಿಗೆ ಇದನ್ನೇ ಪ್ರಾಜೆಕ್ಟಾಗಿ ಕೊಡಲಿ. ಮಾಡಿದ ಪುಟವನ್ನು ಮಾರುಕಟ್ಟೆಗೆ ಒಯ್ದು, ಚೀಲದ ಮೇಲೆ ಕೂತ ರೈತರ ಕೈಗೆ ಕೊಟ್ಟು, ಅವರು ಎಲ್ಲಿ ತಡವರಿಸುತ್ತಾರೆ ಎಂದು ನೋಡಿ ತಿದ್ದಲಿ.