ಬೌಡಿಕಾಳ ರಥದಲ್ಲಿ ಹಿಂದೆ ಸರಿದ ಹೆಣ್ಣುಮಕ್ಕಳು

ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಪಕ್ಕದಲ್ಲಿರುವ ಕಂಚಿನ ಬೌಡಿಕಾ, ಅಂದರೆ ರೋಮನ್ನರ ವಿರುದ್ಧ ದಂಗೆಯೆದ್ದ ಬ್ರಿಟನ್ನಿನ ರಾಣಿ, ಪ್ರವಾಸಿಗರ ಕ್ಯಾಮೆರಾಗಳಿಗೆ ಬಲು ಪ್ರಿಯ. ಥಾಮಸ್ ಥಾರ್ನಿಕ್ರಾಫ್ಟ್ 1850ರ ದಶಕದಲ್ಲಿ ಕೈಹಚ್ಚಿದ ಈ ಶಿಲ್ಪ ಅಲ್ಲಿ ನೆಲೆಗೊಂಡದ್ದು 1902ರಲ್ಲಿ, ಅವನು ತೀರಿಕೊಂಡು 17 ವರ್ಷದ ಮೇಲೆ. ಕುದುರೆಗಳಂತೂ ಅದ್ಭುತ. ಮಾದರಿಗೆಂದು ವಿಕ್ಟೋರಿಯಾ ರಾಣಿಯ ಪತಿ ಆಲ್ಬರ್ಟ್ ತನ್ನ ಲಾಯದ ಕುದುರೆಗಳನ್ನೇ ಕೊಟ್ಟಿದ್ದ. ಮುಂಗಾಲೆತ್ತಿದ ಆ ಜೋಡಿಯ ಕತ್ತಿನ ಬಿಗಿತ, ಎದೆಯ ಉಬ್ಬು ನೋಡುತ್ತಿದ್ದರೆ ಅದು ಲೋಹವೆಂಬುದೇ ಮರೆತುಹೋಗುತ್ತದೆ. ಅವಕ್ಕೆ ಲಗಾಮಿಲ್ಲ, ಓಟದ ರಭಸ ಅದರಿಂದಲೇ ಹೆಚ್ಚಿದೆ.

ತೊಡಕು ಶುರುವಾಗುವುದು ರಥದಲ್ಲಿ. ಚಕ್ರಗಳಿಗೆ ಕುಡುಗೋಲಿನಂಥ ಅಲಗುಗಳಿವೆ. ಬ್ರಿಟನ್ನಿನ ಉತ್ಖನನಗಳಲ್ಲಿ ಅಂಥ ರಥ ಸಿಕ್ಕಿಲ್ಲ. ಯಾರ್ಕ್‌ಷೈರಿನ ಗೋರಿಗಳಲ್ಲಿ ದೊರೆತ ಕಬ್ಬಿಣಯುಗದ ರಥಗಳು ಹಗುರವಾದ ಮರದ ಬಂಡಿಗಳು. ಕಲಾವಿದನಿಗೆ ಇಷ್ಟು ಸ್ವಾತಂತ್ರ್ಯ ಕೊಡಬಹುದು. ಬೌಡಿಕಾಳ ಜೊತೆ ರಥದಲ್ಲಿರುವ ಅವಳ ಹೆಣ್ಣುಮಕ್ಕಳ ವಿಷಯದಲ್ಲಿ ಮಾತ್ರ ಕೊಡಲಾಗದು.

ಇಡೀ ಯುದ್ಧದ ಬೇರು ಅವರ ಹಕ್ಕಿನಲ್ಲಿದೆ. ಇಂದಿನ ನಾರ್ಫೋಕ್ ಸೀಮೆಯ ಐಸೀನಿ ಜನರ ಅರಸ ಪ್ರಾಸುಟಾಗಸ್, ಇಬ್ಬರು ಮಗಳಂದಿರನ್ನೂ ರೋಮ್ ಚಕ್ರವರ್ತಿ ನೀರೋನನ್ನೂ ವಾರಸುದಾರರೆಂದು ಬರೆದಿಟ್ಟು ತೀರಿಕೊಂಡ. ರೋಮನ್ನರು ಎಲ್ಲವನ್ನೂ ಬಾಚಿಕೊಂಡರು; ಅವನ ರಾಣಿ ಬೌಡಿಕಾಳಿಗೆ ಚಾವಟಿಯಿಂದ ಹೊಡೆದರು; ಮಕ್ಕಳ ಮೇಲೆ ಅತ್ಯಾಚಾರವೆಸಗಿದರು. ಕ್ರಿ.ಶ. 60–61ರ ದಂಗೆಯಲ್ಲಿ ಇಂದಿನ ಕಾಲ್ಚೆಸ್ಟರ್, ಲಂಡನ್, ಸೇಂಟ್ ಆಲ್ಬನ್ಸ್ ಮೂರೂ ಊರುಗಳು ಉರಿದವು. ಲಂಡನ್ನಿನ ಹಳೆಯ ಭಾಗದಲ್ಲಿ ಪಾಯ ತೋಡುವಾಗ ಆ ಬೆಂಕಿಯಲ್ಲಿ ಬೆಂದ ಕೆಂಪು ಮಣ್ಣಿನ ಪದರ ಸಿಗುತ್ತದೆ. ಸತ್ತವರು ಸುಮಾರು 70,000 ಎನ್ನುತ್ತಾನೆ ಇತಿಹಾಸಕಾರ ಟ್ಯಾಸಿಟಸ್.

ಟ್ಯಾಸಿಟಸ್ ಶತ್ರುಪಕ್ಷದವನು. ಅವನ ಮಾವ ಅಗ್ರಿಕೋಲ ಆಗ ಬ್ರಿಟನ್ನಿನ ರೋಮನ್ ಸೇನೆಯಲ್ಲೇ ಇದ್ದ. ಆದರೂ, ಕೊನೆಯ ಕದನಕ್ಕೆ ಮುನ್ನ ರಾಣಿ ಮಕ್ಕಳನ್ನು ರಥದಲ್ಲಿ ತನ್ನ ಮುಂದೆ ಇಟ್ಟುಕೊಂಡು ಒಂದೊಂದು ಬುಡಕಟ್ಟಿನ ಬಳಿಗೂ ಹೋದಳೆಂದು ಅವನು ಬರೆದ. ಅನ್ಯಾಯಕ್ಕೊಳಗಾದವರೇ ಸೇನೆಯ ಕಣ್ಣಿಗೆ ಮೊದಲು ಬೀಳುವಂಥ ಜಾಗ ಅದು. ಥಾರ್ನಿಕ್ರಾಫ್ಟ್ ಆ ಮಕ್ಕಳನ್ನು ತಾಯಿಯ ಹಿಂಬದಿಗೆ ಸರಿಸಿ, ಎದೆ ಬತ್ತಲಾಗಿಸಿ, ಬಾಗಿಸಿಬಿಟ್ಟಿದ್ದಾನೆ. ದಂಗೆಯ ಕಾರಣವೇ ಇಲ್ಲಿ ಅಲಂಕಾರವಾಗಿದೆ.

ಪೀಠದ ಬರಹ ಇನ್ನೂ ನೋಯಿಸುತ್ತದೆ. ರೋಮನ್ನರನ್ನೂ ಮೀರಿಸುವ ಆಳ್ವಿಕೆ ಬೌಡಿಕಾಳ ಸಂತತಿಗೆ ಒಲಿಯುತ್ತದೆಂದು ಹೊಗಳುವ ವಿಲಿಯಂ ಕೌಪರನ ಕವಿತೆಯ ಸಾಲುಗಳನ್ನು ಅಲ್ಲಿ ಕೆತ್ತಲಾಗಿದೆ. ಒಂದು ಸಾಮ್ರಾಜ್ಯದ ಚಾವಟಿಯೇಟು ತಿಂದವಳನ್ನು ಇನ್ನೊಂದು ಸಾಮ್ರಾಜ್ಯದ ಕುಲದೇವತೆಯಾಗಿಸಿದ ಪರಿ ಇದು. ಆ ಎರಡನೆಯದರ ಆಳ್ವಿಕೆ ಕಂಡ ನಾಡಿನವರಿಗೆ ಇದರ ಅಸಂಗತತೆಯನ್ನು ಬಿಡಿಸಿ ಹೇಳಬೇಕಿಲ್ಲ.

ಕಾರ್ಡಿಫ್ ನಗರಭವನದಲ್ಲಿ 1916ರಲ್ಲಿ ಅನಾವರಣಗೊಂಡ, ಜೇಮ್ಸ್ ಹ್ಯಾವರ್ಡ್ ಥಾಮಸ್ ಕಡೆದ ಅಮೃತಶಿಲೆಯ ಬೌಡಿಕಾ ಬೇರೆಯದೇ ಬಗೆಯವಳು. ರಥವಿಲ್ಲ, ಕುದುರೆಯಿಲ್ಲ. ಇಬ್ಬರು ಮಕ್ಕಳನ್ನು ಮಗ್ಗುಲಲ್ಲಿ ಕಾಪಿಟ್ಟುಕೊಂಡು ನಿಂತ ತಾಯಿ ಮಾತ್ರ. ಲಂಡನ್ನಿನದರಷ್ಟು ಹೆಸರು ಇದಕ್ಕಿಲ್ಲ. ಆದರೆ ಬೌಡಿಕಾಳಿಗೆ ನ್ಯಾಯ ಸಲ್ಲಿಸಿದ ಶಿಲ್ಪ ಇದೇ.